ಕಣ್ಣಿನೊಳಗೆ ಆರು ತಿಂಗಳು ಉಳಿಯಬೇಕಾದ ಔಷಧ: ಒಂದು ಒಪ್ಪಂದದ ಹಿಂದಿನ ಲೆಕ್ಕ

2025ರ ಮಧ್ಯಭಾಗದಲ್ಲಿ ಜರ್ಮನಿಯ ಬೋರಿಂಗರ್ ಇಂಗೆಲ್‌ಹೈಮ್ ಕಂಪನಿಯು ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್ ನಗರದ ರೀ-ವಾನಾ ಥೆರಪ್ಯೂಟಿಕ್ಸ್ ಎಂಬ ಚಿಕ್ಕ ಸಂಸ್ಥೆಯೊಂದಿಗೆ ಒಪ್ಪಂದವೊಂದನ್ನು ಪ್ರಕಟಿಸಿತು. ಕಣ್ಣಿನ ಕಾಯಿಲೆಗಳಿಗೆ ಒಮ್ಮೆ ಕೊಟ್ಟರೆ ಬಹುಕಾಲ ನಿಧಾನವಾಗಿ ಬಿಡುಗಡೆಯಾಗುತ್ತಾ ಇರುವ ಔಷಧಗಳನ್ನು ಒಟ್ಟಾಗಿ ರೂಪಿಸುವುದು ಇದರ ಉದ್ದೇಶ. ಮೊದಲ ಮೂರು ಯೋಜನೆಗಳು ಕೊನೆಯವರೆಗೂ ಯಶಸ್ವಿಯಾದರೆ ರೀ-ವಾನಾಗೆ ಸಲ್ಲಬಹುದಾದ ಹಣ 100 ಕೋಟಿ ಡಾಲರ್ ದಾಟುತ್ತದೆ ಎಂಬ ಮಾತು ಸುದ್ದಿಯ ತಲೆಬರಹವಾಯಿತು. ಬೋರಿಂಗರ್ 1885ರಲ್ಲಿ ಸ್ಥಾಪನೆಯಾದ, ಇಂದಿಗೂ ಕುಟುಂಬದ ಒಡೆತನದಲ್ಲೇ ಇರುವ ದೈತ್ಯ ಕಂಪನಿ. ರೀ-ವಾನಾ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹೊರಬಂದ ಕೂಸು. ಔಷಧದ ಅಣುವನ್ನು ಸ್ವತಃ ತಯಾರಿಸಬಲ್ಲ ದೊಡ್ಡವರು ಇಷ್ಟು ಚಿಕ್ಕವರ ಬಾಗಿಲಿಗೆ ಏಕೆ ಹೋಗಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ಈ ಕ್ಷೇತ್ರದ ನಿಜವಾದ ಕಷ್ಟ ಏನೆಂಬುದು ಗೊತ್ತಾಗುತ್ತದೆ. ಆ ಕಷ್ಟವಿರುವುದು ಮದ್ದಿಗಿಂತ ಹೆಚ್ಚಾಗಿ ಮದ್ದು ತುಂಬುವ ಪಾತ್ರೆಯಲ್ಲಿ.

ನನ್ನ ಸೋದರತ್ತೆಯ ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕದ ಗೀಟುಗಳ ಪಕ್ಕದಲ್ಲಿ, ನಾಲ್ಕೈದು ವಾರಗಳಿಗೊಮ್ಮೆ, 'ಕಣ್ಣು' ಎಂದು ಬಾಲ್‌ಪೆನ್ನಿನಲ್ಲಿ ಬರೆದಿರುತ್ತದೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವರ ಅಕ್ಷಿಪಟಲದ ನಡುಭಾಗಕ್ಕೆ, ಅಂದರೆ ಮ್ಯಾಕ್ಯುಲಾಗೆ, ನೀರು ತುಂಬಿಸಿದೆ. ಆ ದಿನ ಮಗ ರಜೆ ಹಾಕಬೇಕು, ಬೆಳಗಿನ ಬಸ್ಸು ಹಿಡಿಯಬೇಕು, ಆಸ್ಪತ್ರೆಯಲ್ಲಿ ಟೋಕನ್ ಪಡೆದು ಕೂರಬೇಕು. ಒಳಗೆ ನಡೆಯುವುದು ಕೆಲವೇ ನಿಮಿಷಗಳ ಕೆಲಸ. ಮರಗಟ್ಟಿಸುವ ಹನಿ, ಕಂದು ಬಣ್ಣದ ಪೊವಿಡೋನ್ ಅಯೋಡಿನ್ ದ್ರಾವಣ, ರೆಪ್ಪೆಗಳನ್ನು ಅಗಲಿಸಿ ಹಿಡಿಯುವ ತಂತಿಯ ಕ್ಲಿಪ್ಪು. ಆಮೇಲೆ ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ, ನಾಲ್ಕು ಮಿಲಿಮೀಟರ್ ದೂರದಲ್ಲಿ ಬಿಳಿಗುಡ್ಡೆಯ ಮೂಲಕ ಕೂದಲಿನಂಥ ಸೂಜಿ. ಒಳಗೆ ಹೋಗುವ ಮದ್ದು 0.05 ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಒಂದೆರಡು ಹನಿ. "ಚುಚ್ಚುವುದಕ್ಕೆ ಹೆದರಿಕೆಯಿಲ್ಲ ಕಣೋ, ಆದರೆ ಮತ್ತೆ ಮತ್ತೆ ಹೋಗಬೇಕಲ್ಲ" ಎಂದು ಅತ್ತೆ ಹೇಳುತ್ತಾರೆ. ಕೋಟಿಗಟ್ಟಲೆ ಡಾಲರಿನ ಒಪ್ಪಂದಗಳೆಲ್ಲ ಬಿಡಿಸಲು ಹೊರಟಿರುವುದು ಅವರ ಮಾತಿನ ಈ ಎರಡನೆಯ ಅರ್ಧವನ್ನು.

ಸೂಜಿಯೇ ಏಕೆ, ಹನಿ ಹಾಕಿದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಕಣ್ಣಿನ ಮೇಲ್ಮೈ ಸುಮಾರು 30 ಮೈಕ್ರೊಲೀಟರ್ ದ್ರವವನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಉಳಿದದ್ದು ಕೆನ್ನೆಗೋ ಕಣ್ಣೀರಿನ ನಾಳದ ಮೂಲಕ ಮೂಗಿಗೋ ಹರಿದುಹೋಗುತ್ತದೆ. ಹೀಗಾಗಿ ಹಾಕಿದ ಮದ್ದಿನಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಭಾಗ ಕಣ್ಣಿನ ಮುಂಭಾಗದ ಒಳಕ್ಕೆ ಸೇರುತ್ತದೆ, ಹಿಂಭಾಗದ ಅಕ್ಷಿಪಟಲದವರೆಗೆ ತಲುಪುವುದು ಇಲ್ಲವೆಂದೇ ಹೇಳಬಹುದು. ಮಾತ್ರೆ ನುಂಗಿದರೆ ಅಥವಾ ರಕ್ತನಾಳಕ್ಕೆ ಕೊಟ್ಟರೆ, ರಕ್ತಕ್ಕೂ ಅಕ್ಷಿಪಟಲಕ್ಕೂ ನಡುವೆ ಪ್ರಕೃತಿಯೇ ಕಟ್ಟಿರುವ ತಡೆಗೋಡೆ ಅಡ್ಡ ಬರುತ್ತದೆ. ಆದ್ದರಿಂದ ಕಣ್ಣುಗುಡ್ಡೆಯನ್ನು ತುಂಬಿರುವ, ವಿಟ್ರಿಯಸ್ ಎಂಬ ಸುಮಾರು 4 ಮಿಲಿಲೀಟರ್ ಲೋಳೆಯೊಳಕ್ಕೇ ಮದ್ದನ್ನು ಬಿಡುವುದು ರೂಢಿಗೆ ಬಂತು.

ಹೀಗೆ ಬಿಡುವ ಮದ್ದುಗಳಲ್ಲಿ ಬಹುಪಾಲು ವಿಇಜಿಎಫ್ ಎಂಬ ಪ್ರೋಟೀನನ್ನು ಹಿಡಿದು ಕಟ್ಟಿಹಾಕುವಂಥವು. ಆಮ್ಲಜನಕದ ಕೊರತೆಯಾದಾಗ ಹೊಸ ರಕ್ತನಾಳ ಬೆಳೆಯಲು, ಇರುವ ನಾಳ ಸೋರಲು ಕಾರಣವಾಗುವ ಸಂಕೇತ ಅದು. ವಯಸ್ಸಿನಿಂದ ಬರುವ ಮ್ಯಾಕ್ಯುಲಾದ ಸವೆತದಲ್ಲಿ, ಸಕ್ಕರೆ ಕಾಯಿಲೆಯಿಂದ ಬರುವ ಊತದಲ್ಲಿ ಇದರದ್ದೇ ಉಪಟಳ. 2006ರಲ್ಲಿ ರಾನಿಬಿಜುಮ್ಯಾಬ್, 2011ರಲ್ಲಿ ಅಫ್ಲಿಬರ್ಸೆಪ್ಟ್ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಒಪ್ಪಿಗೆ ಪಡೆದವು. ಕರುಳಿನ ಕ್ಯಾನ್ಸರಿಗೆಂದು ಬಂದ ಬೆವಾಸಿಜುಮ್ಯಾಬ್‌ಅನ್ನು ವೈದ್ಯರು ತಾವೇ ಚಿಕ್ಕ ಸಿರಿಂಜುಗಳಿಗೆ ಹಂಚಿ ಬಳಸಲಾರಂಭಿಸಿದರು. ಇವು ಕೆಲಸ ಮಾಡುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಇವು ಕಣ್ಣಿನಲ್ಲಿ ನಿಲ್ಲುವುದಿಲ್ಲ ಎಂಬುದೇ ತೊಡಕು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಇಡೀ ವಿಷಯದ ಕೀಲಿ ಇದರಲ್ಲೇ ಇದೆ. ಮನುಷ್ಯರ ಕಣ್ಣಿನಲ್ಲಿ ರಾನಿಬಿಜುಮ್ಯಾಬ್‌ನ ಅರ್ಧಾಯು ಸರಿಸುಮಾರು 9 ದಿನ. ಅಂದರೆ 9 ದಿನಕ್ಕೊಮ್ಮೆ ಉಳಿದಿರುವ ಮದ್ದು ಅರ್ಧವಾಗುತ್ತದೆ. 0.5 ಮಿಲಿಗ್ರಾಂ ಚುಚ್ಚಿದರೆ ತಿಂಗಳ ಕೊನೆಗೆ ಉಳಿಯುವುದು ಹತ್ತರಲ್ಲಿ ಒಂದು ಪಾಲು, 0.05 ಮಿಲಿಗ್ರಾಂ. ಮೂರು ತಿಂಗಳಿಗೆ ಸಾವಿರದಲ್ಲಿ ಒಂದು ಪಾಲು. ಹಾಗಾದರೆ ಮದ್ದನ್ನು ಇಮ್ಮಡಿ ಕೊಡೋಣ ಎಂದರೆ, ಸಿಗುವ ಲಾಭ ಇನ್ನೊಂದು 9 ದಿನ ಮಾತ್ರ, ಏಕೆಂದರೆ 9 ದಿನ ಕಳೆಯುವ ಹೊತ್ತಿಗೆ ಅದು ಮೊದಲಿನ ಪ್ರಮಾಣಕ್ಕೇ ಇಳಿದಿರುತ್ತದೆ. ಒಂದು ತಿಂಗಳ ಅಂತರವನ್ನು ಇದೇ ದಾರಿಯಲ್ಲಿ ಆರು ತಿಂಗಳಿಗೆ ಎಳೆಯಬೇಕಾದರೆ ಹದಿನಾರಕ್ಕೂ ಹೆಚ್ಚು ಸಲ ಇಮ್ಮಡಿಸಬೇಕು, 0.5 ಮಿಲಿಗ್ರಾಮನ್ನು ಹದಿನಾರು ಸಲ ಇಮ್ಮಡಿಸಿದರೆ ಸುಮಾರು 32 ಗ್ರಾಂ ಆಗುತ್ತದೆ. ನಾಲ್ಕು ಮಿಲಿಲೀಟರಿನ ಕಣ್ಣೊಳಗೆ 32 ಗ್ರಾಂ ಪುಡಿಯನ್ನು ತುಂಬುವುದನ್ನು ಊಹಿಸಿಕೊಳ್ಳಿ.

ಈಗ ಅದನ್ನೇ ತಿರುಗಿಸಿ ಲೆಕ್ಕ ಹಾಕೋಣ. ತಿಂಗಳ ಕೊನೆಗೆ ಉಳಿಯುವ 0.05 ಮಿಲಿಗ್ರಾಂ ಮಟ್ಟವೇ ಸಾಕೆಂದುಕೊಂಡು, ದಿನದಿನವೂ ಸೋರಿಹೋಗುವಷ್ಟನ್ನು ಮಾತ್ರ ಭರ್ತಿ ಮಾಡುತ್ತಾ ಹೋದರೆ, ದಿನಕ್ಕೆ ಬೇಕಾಗುವುದು ಒಂದು ಮಿಲಿಗ್ರಾಮಿನ ಸಾವಿರದಲ್ಲಿ ನಾಲ್ಕು ಭಾಗಕ್ಕಿಂತ ಕಡಿಮೆ. ಆರು ತಿಂಗಳಿಗೆ ಒಟ್ಟು 0.7 ಮಿಲಿಗ್ರಾಂ! ಒಂದು ಕಡೆ 32 ಗ್ರಾಂ, ಇನ್ನೊಂದು ಕಡೆ ಒಂದು ಮಿಲಿಗ್ರಾಂ ಕೂಡ ಅಲ್ಲ. ಇದು ಕಾಗದದ ಮೇಲಿನ ಲೆಕ್ಕ, ನಿಜವಾದ ಕಣ್ಣು ಇಷ್ಟು ವಿಧೇಯವಾಗಿರುವುದಿಲ್ಲ. ಆದರೂ ಹೊಲಕ್ಕೆ ಒಮ್ಮೆಲೇ ನೀರು ಹಾಯಿಸುವುದಕ್ಕೂ ಬುಡಕ್ಕೆ ತೊಟ್ಟು ತೊಟ್ಟಾಗಿ ಬಿಡುವುದಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂಬುದನ್ನು ಇದು ತೋರಿಸುತ್ತದೆ. ಅಫ್ಲಿಬರ್ಸೆಪ್ಟ್ ತಯಾರಿಸುವ ರಿಜೆನೆರಾನ್ ಮತ್ತು ಬೇಯರ್ ಕಂಪನಿಗಳು ಮದ್ದನ್ನೇ ಹೆಚ್ಚಿಸುವ ದಾರಿಯನ್ನು ಹಿಡಿದವು. 2 ಮಿಲಿಗ್ರಾಂ ಇದ್ದದ್ದು 8 ಆಯಿತು, 2023ರಲ್ಲಿ ಅದಕ್ಕೆ ಎಫ್‌ಡಿಎ ಒಪ್ಪಿಗೆಯೂ ದೊರೆಯಿತು. ನಾಲ್ಕು ಪಟ್ಟು ಎಂದರೆ ಎರಡು ಅರ್ಧಾಯು, ಕಾಗದದ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ವಾರದ ಗಳಿಕೆ. ರೋಗಿಗಳಲ್ಲಿ ಇಂಜೆಕ್ಷನ್ನುಗಳ ಅಂತರ ಮಾತ್ರ 8 ವಾರದಿಂದ, ಕೆಲವರಲ್ಲಿ, 16 ವಾರದವರೆಗೆ ಹಿಗ್ಗಿದೆ. ಆ ದಾರಿಯಲ್ಲಿ ಇನ್ನೂ ಬಹಳ ದೂರ ಹೋಗಲು ಕಣ್ಣಿನಲ್ಲಿ ಜಾಗವಿಲ್ಲ.

ಹಾಗಾಗಿ ಪಾತ್ರೆ ಬೇಕು. ಮದ್ದನ್ನು ತನ್ನೊಳಗಿಟ್ಟುಕೊಂಡು ಅಳತೆಗೆ ತಕ್ಕಂತೆ ಸೋರಗೊಡುವ, ಕಣ್ಣಿಗೆ ಉರಿಯೂತ ತಾರದ, ದೃಷ್ಟಿಗೆ ಅಡ್ಡ ಬಾರದ, ಸಾಧ್ಯವಾದರೆ ಕೆಲಸ ಮುಗಿದ ಮೇಲೆ ತಾನೇ ಕರಗಿಹೋಗುವ ಪಾತ್ರೆ.

ಈ ಯೋಚನೆ ಹೊಸದೇನಲ್ಲ. 1974ರಲ್ಲೇ ಅಮೆರಿಕದ ಆಲ್ಜಾ ಕಂಪನಿ ಆಕ್ಯುಸರ್ಟ್ ಎಂಬ ತೆಳುವಾದ ಬಿಲ್ಲೆಯನ್ನು ತಂದಿತ್ತು. ಕೆಳರೆಪ್ಪೆಯ ಒಳಗಿಟ್ಟುಕೊಂಡರೆ ಗ್ಲಾಕೋಮಾದ ಮದ್ದಾದ ಪೈಲೋಕಾರ್ಪಿನ್ ಒಂದು ವಾರ ಕಾಲ ಜಿನುಗುತ್ತಿತ್ತು. 1996ರಲ್ಲಿ ಏಡ್ಸ್ ರೋಗಿಗಳ ಅಕ್ಷಿಪಟಲದ ವೈರಸ್ ಸೋಂಕಿಗೆ ಗ್ಯಾನ್‌ಸಿಕ್ಲೋವಿರ್ ತುಂಬಿದ ಗುಳಿಗೆಯನ್ನು ಕಣ್ಣೊಳಗೆ ಹೊಲಿಯುವ ವಿಟ್ರಾಸರ್ಟ್ ಬಂತು. 2009ರಲ್ಲಿ ಬಂದ ಆಝರ್‌ಡೆಕ್ಸ್ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಪಿಎಲ್‌ಜಿಎ ಎಂಬ ಪಾಲಿಮರಿನಲ್ಲಿ ಬೆರೆಸಿದ ಕಡ್ಡಿ. ಶಸ್ತ್ರಚಿಕಿತ್ಸೆಯಲ್ಲಿ ಬಿಚ್ಚಬೇಕಿಲ್ಲದ, ತಾನೇ ಕರಗುವ ಹೊಲಿಗೆ ಹಾಕುತ್ತಾರಲ್ಲ, ಆ ದಾರದ ಬಂಧುಬಳಗಕ್ಕೆ ಸೇರಿದ ವಸ್ತು ಈ ಪಿಎಲ್‌ಜಿಎ.

ಇವೆಲ್ಲಕ್ಕಿಂತ ಪಾಲುದಾರಿಕೆಯ ದೃಷ್ಟಿಯಿಂದ ಪಾಠ ಹೇಳುವುದು ಇಲ್ಯೂವಿಯನ್. ಜೀರಿಗೆಗಿಂತಲೂ ಗಿಡ್ಡ, ದಾರದಷ್ಟು ತೆಳು: 3.5 ಮಿಲಿಮೀಟರ್ ಉದ್ದ, 0.37 ಮಿಲಿಮೀಟರ್ ಅಡ್ಡಳತೆಯ, ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ಒಂದು ನಳಿಕೆ. ಒಳಗೆ 0.19 ಮಿಲಿಗ್ರಾಂ ಫ್ಲೂಸಿನೋಲೋನ್ ಎಂಬ ಸ್ಟೀರಾಯ್ಡ್. ಅದು ಸುಮಾರು ಮೂರು ವರ್ಷ, ದಿನಕ್ಕೆ ಒಂದು ಮಿಲಿಗ್ರಾಮಿನ ನಾಲ್ಕು ಸಾವಿರದಲ್ಲೊಂದು ಭಾಗದಿಂದ ಶುರುವಾಗಿ ನಿಧಾನವಾಗಿ ಇಳಿಯುತ್ತಾ, ಹೊರಬರುತ್ತಿರುತ್ತದೆ. ನಳಿಕೆಯ ತಂತ್ರಜ್ಞಾನ ಪಿಸಿವಿಡಾ ಎಂಬ ಚಿಕ್ಕ ಕಂಪನಿಯದು. ಮಾನವ ಪ್ರಯೋಗ, ಅರ್ಜಿ, ಮಾರಾಟದ ಹೊಣೆ ಅಲಿಮೇರಾ ಸೈನ್ಸಸ್‌ನದು. ಎಫ್‌ಡಿಎ ಅದನ್ನು 2010, 2011, 2013ರಲ್ಲಿ ಮೂರು ಸಲ ವಾಪಸು ಕಳಿಸಿ, ಕೊನೆಗೆ 2014ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಒಪ್ಪಿದ ಮೇಲೆಯೇ ಪಿಸಿವಿಡಾಗೆ 2.5 ಕೋಟಿ ಡಾಲರ್ ಸಂದಾಯವಾಯಿತು. ತಡವಾಗಲು ಕಾರಣವಿತ್ತು. ಮೂರು ವರ್ಷ ಬಿಡದೆ ಸ್ಟೀರಾಯ್ಡ್ ಜಿನುಗಿದರೆ ಊತವೇನೋ ಇಳಿಯುತ್ತದೆ, ಆದರೆ ಸಹಜ ಮಸೂರವಿದ್ದ ಬಹುಪಾಲು ಕಣ್ಣುಗಳಲ್ಲಿ ಪೊರೆ ಬೆಳೆಯಿತು, ಹಲವರ ಕಣ್ಣಿನ ಒತ್ತಡ ಏರಿತು. ಆದ್ದರಿಂದ ಮೊದಲು ಸ್ಟೀರಾಯ್ಡ್ ಕೊಟ್ಟು ನೋಡಿ, ಒತ್ತಡ ಹೆಚ್ಚಾಗದವರಿಗೆ ಮಾತ್ರ ಇದನ್ನು ಕೊಡಬೇಕೆಂಬ ಷರತ್ತಿನೊಂದಿಗೆ ಅನುಮತಿ ಬಂತು. ನಿಧಾನ ಬಿಡುಗಡೆಯ ಮದ್ದುಗಳ ಇನ್ನೊಂದು ಮುಖ ಇದು: ಹನಿ ಒಗ್ಗದಿದ್ದರೆ ನಾಳೆಯಿಂದ ಬಿಡಬಹುದು, ಕಣ್ಣೊಳಗೆ ಇಟ್ಟದ್ದನ್ನು ಹಾಗೆ ಬಿಟ್ಟುಬಿಡಲಾಗದು.

ಮೇಲಿನ ಯಶಸ್ಸುಗಳನ್ನು ಗಮನಿಸಿದರೆ ಒಂದು ಸಾಮ್ಯ ಕಾಣುತ್ತದೆ. ಪೈಲೋಕಾರ್ಪಿನ್, ಗ್ಯಾನ್‌ಸಿಕ್ಲೋವಿರ್, ಸ್ಟೀರಾಯ್ಡುಗಳು ಎಲ್ಲವೂ ಚಿಕ್ಕ, ಗಟ್ಟಿಮುಟ್ಟಾದ ಅಣುಗಳು. ಡೆಕ್ಸಾಮೆಥಾಸೋನಿನ ಅಣುತೂಕ 392; ರಾನಿಬಿಜುಮ್ಯಾಬ್‌ನದು ಸುಮಾರು 48,000, ಬೆವಾಸಿಜುಮ್ಯಾಬ್‌ನದು ಸುಮಾರು 1,49,000. ಪ್ರೋಟೀನು ಎಂದರೆ ಮಡಿಕೆ ಮಡಿಕೆಯಾಗಿ ಸುತ್ತಿಕೊಂಡ ಉದ್ದನೆಯ ಸರಪಳಿ. ಮಡಿಕೆ ಸರಿಯಾಗಿದ್ದರಷ್ಟೇ ಅದು ವಿಇಜಿಎಫ್ ಅನ್ನು ಹಿಡಿಯಬಲ್ಲದು. ಆಸ್ಪತ್ರೆಯ ಫ್ರಿಜ್ಜಿನಲ್ಲಿ ಜೋಪಾನವಾಗಿ ಇಡುವ ಈ ಅಣುವನ್ನು 37 ಡಿಗ್ರಿಯ ಬೆಚ್ಚಗಿನ, ನೀರು ತುಂಬಿದ ಜಾಗದಲ್ಲಿ ಆರು ತಿಂಗಳು ಕೆಡದಂತೆ ಇರಿಸುವುದು ಸುಲಭದ ಮಾತಲ್ಲ. ಬೇಯಿಸಿದ ಮೊಟ್ಟೆಯ ಬಿಳಿಭಾಗ ಮತ್ತೆ ಹಸಿಯಾಗದಂತೆ, ಮಡಿಕೆ ಕಳಚಿ ಗಂಟುಕಟ್ಟಿದ ಪ್ರೋಟೀನು ಹಿಂದಕ್ಕೆ ಬರುವುದಿಲ್ಲ. ಅಷ್ಟೇ ಅಲ್ಲ, ಆ ಗಂಟುಗಳೇ ಉರಿಯೂತಕ್ಕೆ ಕಾರಣವಾಗಬಹುದು. ಸ್ಟೀರಾಯ್ಡಿಗೆ ಒಗ್ಗಿದ ಪಿಎಲ್‌ಜಿಎ ಕರಗುವಾಗ ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳು ಹುಟ್ಟುತ್ತವೆ, ಕಡ್ಡಿಯ ಒಳಗೆ ಹುಳಿ ಏರುತ್ತದೆ, ಪ್ರೋಟೀನಿಗೆ ಅದು ಮಾರಕ. ಜತೆಗೆ ಮೊದಲ ದಿನಗಳಲ್ಲೇ ಮೇಲ್ಪದರದ ಮದ್ದೆಲ್ಲ ಒಮ್ಮೆಗೇ ಹೊರನುಗ್ಗಿ, ಕೊನೆಯ ತಿಂಗಳುಗಳಿಗೆ ಏನೂ ಉಳಿಯದಿರುವ ತೊಂದರೆಯೂ ಇದೆ.

ಬೆಲ್‌ಫಾಸ್ಟಿನವರು ಕೈಹಾಕಿರುವುದು ಈ ಜಾಗಕ್ಕೆ. ಹಲ್ಲಿನ ಕುಳಿಗೆ ಮೆತ್ತಗಿನ ಸಿಮೆಂಟು ತುಂಬಿ, ನೀಲಿ ಬೆಳಕು ಹಾಯಿಸಿ ಕ್ಷಣಾರ್ಧದಲ್ಲಿ ಕಲ್ಲಾಗಿಸುವುದನ್ನು ದಂತವೈದ್ಯರ ಕುರ್ಚಿಯಲ್ಲಿ ಕೂತವರೆಲ್ಲ ಅನುಭವಿಸಿದ್ದಾರೆ. ರೀ-ವಾನಾದ ತಂತ್ರವೂ ಆ ಜಾತಿಯದು: ಮದ್ದು ಬೆರೆಸಿದ ಪಾಲಿಮರಿನ ಎಳೆಗಳನ್ನು ಬೆಳಕಿನಿಂದ ಒಂದಕ್ಕೊಂದು ಹೆಣೆಯುವುದು. ಈ ಹೆಣಿಗೆಗೆ ಹೆಚ್ಚು ಶಾಖ ಬೇಕಿಲ್ಲದಿರುವುದು ಪ್ರೋಟೀನಿನ ಮಟ್ಟಿಗೆ ದೊಡ್ಡ ಅನುಕೂಲ. ಬಲೆ ಎಷ್ಟು ಬಿಗಿಯೋ ಬಿಡುಗಡೆ ಅಷ್ಟು ನಿಧಾನ. ಹಾಗಾಗಿ ಹೆಣಿಗೆಯ ಬಿಗಿತವನ್ನು ಏರಿಳಿಸಿ ಬೇರೆ ಬೇರೆ ಗಾತ್ರದ ಅಣುಗಳಿಗೆ ಬೇರೆ ಬೇರೆ ವೇಗವನ್ನು ಗೊತ್ತುಪಡಿಸಬಹುದೆಂಬುದು ನಿರೀಕ್ಷೆ. ಕೆಲಸ ಮುಗಿದ ಮೇಲೆ ಅದು ಕರಗಿಹೋಗುವಂಥದ್ದು, ಗುರಿ ತಿಂಗಳುಗಳದ್ದು.

ಬೋರಿಂಗರ್ ಇದನ್ನು ತನ್ನೊಳಗೇ ಏಕೆ ಮಾಡಿಕೊಳ್ಳಲಿಲ್ಲ ಎಂಬುದಕ್ಕೆ ಉತ್ತರ ಈಗ ಸುಲಭ. ಕಾಯಿಲೆಯ ಜೀವಶಾಸ್ತ್ರವನ್ನು ಅರಿತು ಹೊಸ ಅಣುವನ್ನು ಕಟ್ಟುವುದು ಒಂದು ವಿದ್ಯೆ, ಆ ಅಣುವನ್ನು ಕೆಡಿಸದೆ ಹಿಡಿದಿಡುವ ಪಾಲಿಮರನ್ನು ಕಟ್ಟುವುದು ಇನ್ನೊಂದು ವಿದ್ಯೆ. ಮಡಕೆ ಮಾಡುವವರ ಕೈಗೂ ಅಡುಗೆ ಮಾಡುವವರ ಕೈಗೂ ಇರುವಷ್ಟೇ ವ್ಯತ್ಯಾಸ. ಚಿಕ್ಕ ಕಂಪನಿಗೆ ಪಾತ್ರೆ ಇದ್ದರೂ ಅದರಲ್ಲಿ ತುಂಬಲು ತನ್ನದೇ ಅಣುವಿಲ್ಲ, ನೂರಾರು ರೋಗಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸುವ ಹಣವಿಲ್ಲ. ಸುದ್ದಿಯ ತಲೆಬರಹದಲ್ಲಿ ಕಾಣುವ 100 ಕೋಟಿ ಡಾಲರ್ ಇವತ್ತು ಕೈಬದಲಾದ ಹಣವೆಂದು ಯಾರೂ ತಿಳಿಯಬಾರದು. ಇಂಥ ಒಪ್ಪಂದಗಳಲ್ಲಿ ಸಹಿ ಹಾಕಿದಾಗ ಸಿಗುವ ಮುಂಗಡ ಒಟ್ಟು ಮೊತ್ತದ ಚಿಕ್ಕ ಪಾಲು. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದರೆ ಇಷ್ಟು, ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ ಇಷ್ಟು, ಅನುಮತಿಗೆ ಇಷ್ಟು, ಮಾರಾಟ ಗಡಿ ದಾಟಿದರೆ ಇಷ್ಟು ಎಂದು ಉಳಿದದ್ದೆಲ್ಲ ಷರತ್ತಿನ ಸಾಲಿನಲ್ಲಿ ನಿಂತಿರುತ್ತದೆ. ಆಮೇಲೆ ಮಾರಾಟದ ಮೇಲಿನ ರಾಯಧನ. ಇಲ್ಯೂವಿಯನ್‌ನ 2.5 ಕೋಟಿ ಡಾಲರಿಗೆ ಎಷ್ಟು ವರ್ಷ ಕಾಯಬೇಕಾಯಿತೆಂಬುದನ್ನು ನೆನಪಿಟ್ಟುಕೊಂಡರೆ ಅಂಕಿಯ ತೂಕ ಸರಿಯಾಗಿ ಸಿಗುತ್ತದೆ.

ಹಿಂದೆ ಹೀಗೆ ಕೈಜೋಡಿಸಿದವರೆಲ್ಲ ಗೆದ್ದಿಲ್ಲ. 2016ರಲ್ಲಿ ರಿಜೆನೆರಾನ್, ಆಕ್ಯುಲರ್ ಥೆರಪ್ಯೂಟಿಕ್ಸ್ ಎಂಬ ಕಂಪನಿಯ ಹೈಡ್ರೋಜೆಲ್‌ನಲ್ಲಿ, ಅಂದರೆ ನೀರು ಹಿಡಿದಿಟ್ಟುಕೊಂಡ ಮೆತ್ತನೆಯ ಪಾಲಿಮರಿನಲ್ಲಿ, ಅಫ್ಲಿಬರ್ಸೆಪ್ಟ್ ತುಂಬಿ ನಾಲ್ಕರಿಂದ ಆರು ತಿಂಗಳು ಬಾಳುವ ಇಂಜೆಕ್ಷನ್ ಮಾಡಲು ಒಪ್ಪಂದ ಮಾಡಿಕೊಂಡಿತ್ತು. ಅದರಿಂದ ಯಾವ ಔಷಧವೂ ಮಾರುಕಟ್ಟೆಗೆ ಬರಲಿಲ್ಲ. ಮೇಲೆ ಹೇಳಿದ 8 ಮಿಲಿಗ್ರಾಮಿನ ದಾರಿಯೇ ರಿಜೆನೆರಾನ್‌ಗೆ ಉಳಿದದ್ದು. ಆಕ್ಯುಲರ್ ಕಂಪನಿ ಪ್ರೋಟೀನಿನ ಗೊಡವೆ ಬಿಟ್ಟು, ಅದೇ ಜೆಲ್‌ನಲ್ಲಿ ಆಕ್ಸಿಟಿನಿಬ್ ಎಂಬ ಚಿಕ್ಕ ಅಣುವನ್ನು ತುಂಬಿ ಮೂರನೆಯ ಹಂತದ ಪ್ರಯೋಗಕ್ಕೆ ಇಳಿಯಿತು. ಪಿಸಿವಿಡಾದ ಉತ್ತರಾಧಿಕಾರಿಯಾದ ಐಪಾಯಿಂಟ್ ಕೂಡ ವೊರೊಲಾನಿಬ್ ಎಂಬ ಚಿಕ್ಕ ಅಣುವನ್ನೇ ಆರಿಸಿಕೊಂಡಿದೆ. ಪ್ರೋಟೀನಿನ ಕಷ್ಟವನ್ನು ಬಗೆಹರಿಸುವುದಕ್ಕಿಂತ ಅದನ್ನು ಸುತ್ತಿ ದಾಟಿಹೋಗುವುದೇ ಮೇಲೆಂದು ಅನುಭವಸ್ಥರಿಗೆ ಅನ್ನಿಸಿದಂತಿದೆ.

ಪ್ರೋಟೀನನ್ನೇ ಹಿಡಿದು ದಡ ಮುಟ್ಟಿದ್ದು ಸಸ್ವಿಮೊ. ಫೋರ್‌ಸೈಟ್ ವಿಷನ್4 ಎಂಬ ಚಿಕ್ಕ ಕಂಪನಿ, ರಾನಿಬಿಜುಮ್ಯಾಬ್ ತಯಾರಿಸುವ ಜೆನೆಂಟೆಕ್ ಜತೆಗೂಡಿ ಬೆಳೆಸಿದ, ಮುಂದೆ ಜೆನೆಂಟೆಕ್‌ನ ಒಡೆಯ ರೋಷ್ ಆ ಕಂಪನಿಯನ್ನೇ ಕೊಂಡುಕೊಂಡ ಕಥೆ ಇದರದ್ದು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಕರಗದ ಒಂದು ಪುಟ್ಟ ಡಬ್ಬಿಯನ್ನು ಶಸ್ತ್ರಚಿಕಿತ್ಸೆಯಿಂದ ಕಣ್ಣಿನ ಗೋಡೆಯಲ್ಲಿ ಕೂರಿಸುತ್ತಾರೆ. ಅದರಲ್ಲಿ 2 ಮಿಲಿಗ್ರಾಂ ರಾನಿಬಿಜುಮ್ಯಾಬ್. ನಾವು ಮೇಲೆ ಹಾಕಿದ ಕಾಗದದ ಲೆಕ್ಕಕ್ಕೆ ಇದು ಎಷ್ಟು ಹತ್ತಿರ ಬಂತೆಂದು ನೋಡಿ. ಪ್ರತಿ 24 ವಾರಕ್ಕೊಮ್ಮೆ ಕ್ಲಿನಿಕ್ಕಿನಲ್ಲೇ ಸೂಜಿಯಿಂದ ಹಳೆಯದನ್ನು ತೆಗೆದು ಹೊಸದನ್ನು ತುಂಬುತ್ತಾರೆ. 2021ರ ಅಕ್ಟೋಬರಿನಲ್ಲಿ ಒಪ್ಪಿಗೆ ಬಂತು. ಸರಿಯಾಗಿ ಒಂದು ವರ್ಷಕ್ಕೆ, 2022ರ ಅಕ್ಟೋಬರಿನಲ್ಲಿ, ಕಂಪನಿಯೇ ಅದನ್ನು ಹಿಂತೆಗೆದುಕೊಂಡಿತು. ಪದೇಪದೇ ಚುಚ್ಚಿ ತುಂಬುವ ರಬ್ಬರಿನಂಥ ಮುಚ್ಚಳ ಕಳಚಿಕೊಳ್ಳಬಹುದೆಂದು ಪರೀಕ್ಷೆಯಲ್ಲಿ ಕಂಡುಬಂದದ್ದೇ ಕಾರಣ. ದೋಷ ತಿದ್ದಿ 2024ರಲ್ಲಿ ಮತ್ತೆ ತಂದರು. ಆದರೂ ಕಣ್ಣೊಳಗೆ ಸೋಂಕು ತಗಲುವ ಅಪಾಯ ತಿಂಗಳಿಗೊಮ್ಮೆ ಚುಚ್ಚುವುದಕ್ಕಿಂತ ಮೂರು ಪಟ್ಟು ಎಂಬ ಎಚ್ಚರಿಕೆ ಅದರ ಲೇಬಲಿನ ಮೇಲೇ ಇದೆ. ಅಳುಕಿದ ರೋಗಿಯನ್ನು ಯಾರೂ ದೂರುವಂತಿಲ್ಲ.

ನಮ್ಮ ಕಡೆಗೆ ಬಂದರೆ, ಅಣುವಿನ ವಿದ್ಯೆಯಲ್ಲಿ ಭಾರತ ಹಿಂದೆ ಬಿದ್ದಿಲ್ಲ. ಅಹಮದಾಬಾದಿನ ಇಂಟಾಸ್ 2015ರಲ್ಲೇ ರಾನಿಬಿಜುಮ್ಯಾಬ್‌ನ ಬಯೋಸಿಮಿಲರ್, ಅಂದರೆ ಮೂಲ ಮದ್ದನ್ನು ಹೋಲುವ ಆವೃತ್ತಿ, ತಂದಿತು. ಬೆಂಗಳೂರಿನ ಬಯೋಕಾನ್ ಬಯೋಲಾಜಿಕ್ಸ್‌ನ ಅಫ್ಲಿಬರ್ಸೆಪ್ಟ್, ಯೆಸಾಫಿಲಿ ಎಂಬ ಹೆಸರಿನಲ್ಲಿ, 2023ರಲ್ಲಿ ಯುರೋಪಿನ, 2024ರಲ್ಲಿ ಅಮೆರಿಕದ ಅನುಮತಿ ಗಳಿಸಿತು. ಪಾತ್ರೆಯ ವಿದ್ಯೆಯ ಪೇಟೆಂಟುಗಳು ಮಾತ್ರ ಹೆಚ್ಚಾಗಿ ಬೇರೆಯವರ ಕೈಯಲ್ಲಿವೆ. ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿರುವ ದೇಶದಲ್ಲಿ ಅಂತರ ಹಿಗ್ಗಿಸುವ ಮದ್ದಿನ ಅಗತ್ಯ ಯಾರಿಗೂ ಕಡಿಮೆಯಿಲ್ಲ. ಆದರೆ ಒಂದು ವಯಲ್ ಬೆವಾಸಿಜುಮ್ಯಾಬ್‌ಅನ್ನು ಹತ್ತಾರು ರೋಗಿಗಳಿಗೆ ಹಂಚಿ ಖರ್ಚು ತಗ್ಗಿಸುವ ನಮ್ಮಲ್ಲಿ, ಆರು ತಿಂಗಳ ಇಂಜೆಕ್ಷನ್ನಿನ ಬೆಲೆಯನ್ನು ಆರು ಸಲದ ಬಸ್‌ಚಾರ್ಜು, ಕಳೆದುಕೊಂಡ ಕೂಲಿ ಮತ್ತು ಅಗ್ಗದ ಮದ್ದಿನ ಒಟ್ಟು ಮೊತ್ತದ ಪಕ್ಕದಲ್ಲಿಟ್ಟೇ ಜನ ತೂಗುತ್ತಾರೆ.

ಬೆಲ್‌ಫಾಸ್ಟಿನ ಪಾತ್ರೆ ಕ್ಲಿನಿಕ್ಕಿನವರೆಗೆ ಬರಲು ಸಮಯ ಬೇಕು, ಮತ್ತು ಆ ಸಮಯವನ್ನು ಹಣದಿಂದ ಕುಗ್ಗಿಸಲಾಗದು. ಆರು ತಿಂಗಳು ಬಾಳುತ್ತದೆಂದು ತೋರಿಸಲು ಆರು ತಿಂಗಳು ಕಾಯಲೇಬೇಕು, ಎರಡನೆಯ ಸಲವೂ ಸುರಕ್ಷಿತವೆಂದು ತೋರಿಸಲು ಇನ್ನೂ ಆರು. ಮನುಷ್ಯರಿಗೆ ಮೊದಲು ಇಂಥ ಮದ್ದನ್ನು ಹೆಚ್ಚಾಗಿ ಮೊಲಗಳ ಮೇಲೆ ಪರೀಕ್ಷಿಸುತ್ತಾರೆ, ಆದರೆ ಮೊಲದ ಕಣ್ಣಿನ ಲೋಳೆ ನಮ್ಮದರ ಅರ್ಧಕ್ಕಿಂತ ಕಡಿಮೆ. ಮೇಲಾಗಿ ಮನುಷ್ಯರ ಪ್ರೋಟೀನನ್ನು ಅನ್ಯವೆಂದು ಗುರುತಿಸಿ ಮೊಲದ ದೇಹ ಪ್ರತಿಕಾಯಗಳನ್ನು ಹುಟ್ಟಿಸುವುದರಿಂದ ದೀರ್ಘಾವಧಿಯ ಪರೀಕ್ಷೆಗಳು ಗೊಂದಲಕ್ಕೀಡಾಗುತ್ತವೆ. ಇವೆಲ್ಲ ದಾಟಿ ಮಾನವ ಪ್ರಯೋಗದ ಫಲಿತಾಂಶ ಬಂದ ದಿನ, 'ಇಷ್ಟು ಶೇಕಡಾ ಜನರಿಗೆ ಆರು ತಿಂಗಳು ಬೇರೆ ಇಂಜೆಕ್ಷನ್ ಬೇಕಾಗಲಿಲ್ಲ' ಎಂಬ ವಾಕ್ಯ ಪ್ರಕಟಣೆಯಲ್ಲಿ ಇದ್ದೇ ಇರುತ್ತದೆ. ಆಗ ಓದಬೇಕಾದದ್ದು ಅದರ ಕೆಳಗಿನ ಸಾಲನ್ನು: ನಡುವೆ ಪೂರಕ ಇಂಜೆಕ್ಷನ್ ಕೊಡಲು ವೈದ್ಯರು ಎಷ್ಟು ದೃಷ್ಟಿ ಕುಸಿಯುವವರೆಗೆ, ಎಷ್ಟು ಊತ ಏರುವವರೆಗೆ ಕಾಯಬೇಕೆಂದು ನಿಯಮ ಮಾಡಿದ್ದರು ಎಂಬುದನ್ನು.